ಬೂದಿಯಲ್ಲಿರುವ ಸೀಸವನ್ನು ಬ್ಯಾಕ್ಟೀರಿಯಾ ತಿಂದುಹಾಕುತ್ತಾ?

ಪ್ರಶ್ನೆ: ಮೇಡಂ, ನಮ್ಮದು ಹೊಸನಗರ ತಾಲ್ಲೂಕು. ಮೂರು ಎಕರೆ ಅಡಿಕೆ ತೋಟ, ಕೆಳಗೆ ಒಂದಿಷ್ಟು ಗದ್ದೆ. ತೋಟದ ಮೇಲ್ಗಡೆ ಗುಡ್ಡದಲ್ಲಿ ಜಂಬಿಟ್ಟಿಗೆ ಕಲ್ಲು ತೆಗೆದು ಬಿಟ್ಟ ಹಳೇ ಕ್ವಾರಿ ಇದೆ. ಈಗ ಒಬ್ಬರು ಅದನ್ನು ಗುತ್ತಿಗೆ ಹಿಡಿದಿದ್ದಾರೆ. ಕಸ ಸುಡುವ ಘಟಕದ ಬೂದಿ ತಂದು ಗುಂಡಿ ತುಂಬಿಸಿ, ಮೇಲೆ ಮಣ್ಣು ಹರಡಿ ಸೈಟು ಮಾಡುತ್ತಾರಂತೆ. ಎರಡು ಟಿಪ್ಪರ್ ಬೂದಿ ಆಗಲೇ ಬಂದು ಬಿದ್ದಿದೆ. ಕೇಳಿದರೆ "ಇದಕ್ಕೆ ಬ್ಯಾಕ್ಟೀರಿಯಾ ಹಾಕಿದ್ದೇವೆ, ಇರೋ ಬರೋ ಲೋಹವನ್ನೆಲ್ಲ ಅದು ತಿಂದುಹಾಕುತ್ತೆ, ಬೇಕಾದರೆ ನಿಮ್ಮ ತೋಟಕ್ಕೂ ಎರಡು ಲೋಡು ಕೊಡ್ತೀವಿ" ಅಂತಾರೆ. ಲ್ಯಾಬ್ ರಿಪೋರ್ಟ್ ಕೂಡ ತೋರಿಸಿದರು. ಅದರಲ್ಲಿ ಸೀಸ ಲೀಟರಿಗೆ 0.4 ಮಿಲಿಗ್ರಾಂ, ಮಿತಿ 5 ಎಂದಿದೆ. ನಮ್ಮ ಮನೆಗೆ ಕುಡಿಯಲು ಆ ಗುಡ್ಡದ ಅಬ್ಬಿ (ಒರತೆ) ನೀರೇ. ಇಬ್ಬರು ಸಣ್ಣ ಮಕ್ಕಳಿದ್ದಾರೆ. ಅಮ್ಮ "ಬೂದಿ ತಾನೇ, ತೆಂಗಿನ ಬುಡಕ್ಕೆ ಹಾಕಲ್ವಾ" ಅಂತಾರೆ. ನನಗೆ ನಿದ್ದೆ ಬರುತ್ತಿಲ್ಲ. ಬ್ಯಾಕ್ಟೀರಿಯಾ ವಿಷಯ ನಿಜವಾ? ನಾವೇ ಜೀವಾಮೃತ ಹಾಕಿದರೂ ಅದೇ ಕೆಲಸ ಆಗುತ್ತಾ? ಈಗ ನಾನೇನು ಮಾಡಲಿ?

ಉತ್ತರ: ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಪ್ರಶ್ನೆ ಮೂರು ಕೇಳಿದ್ದೀರಿ. ಒಳಗಿನ ಚಿಂತೆ ಮಾತ್ರ ಒಂದೇ ಅಲ್ವಾ? ಆರಿದ್ರಾ ಮಳೆ ಹಿಡಿದ ಮೇಲೂ ಆ ಅಬ್ಬಿ ನೀರನ್ನು ಮಕ್ಕಳಿಗೆ ಕೊಡಬಹುದಾ ಅಂತ. ಅಲ್ಲಿಗೇ ಬರುತ್ತೇನೆ. ಆದರೆ ದಾರಿಯಲ್ಲಿ ಸ್ವಲ್ಪ ಬ್ಯಾಕ್ಟೀರಿಯಾದ ಕಥೆ ಹೇಳಬೇಕು. ಇಲ್ಲದಿದ್ದರೆ ಆ ಗುತ್ತಿಗೆದಾರರ ಜೊತೆ ಮಾತಾಡುವಾಗ ನಿಮ್ಮ ಕೈಯಲ್ಲಿ ಏನೂ ಇರುವುದಿಲ್ಲ.

ಬ್ಯಾಕ್ಟೀರಿಯಾ ಬಳಸಿ ಬೂದಿಯ ಲೋಹವನ್ನು ಹಿಡಿದಿಡಬಹುದು ಎನ್ನುವುದು ಸುಳ್ಳಲ್ಲ. ಜಗತ್ತಿನ ಹಲವು ಲ್ಯಾಬುಗಳಲ್ಲಿ ಇದರ ಮೇಲೆ ಕೆಲಸ ನಡೆಯುತ್ತಿದೆ. ನಾನೂ ಕೆಲವು ವರ್ಷ ಮಾಡಿದ್ದೇನೆ. ಸುಳ್ಳು ಇರುವುದು "ತಿಂದುಹಾಕುತ್ತೆ" ಎನ್ನುವ ಮಾತಿನಲ್ಲಿ. ನೆಲಕ್ಕೆ ಚೆಲ್ಲಿದ ಡೀಸೆಲ್ಲನ್ನು ಬ್ಯಾಕ್ಟೀರಿಯಾ ನಿಜವಾಗಿಯೂ ತಿನ್ನುತ್ತವೆ. ಡೀಸೆಲ್ ಎಂದರೆ ಇಂಗಾಲದ ಸರಪಳಿ, ಅದನ್ನು ತುಂಡು ಮಾಡಿದರೆ ಕೊನೆಗೆ ನೀರು, ಗಾಳಿ ಆಗಿ ಹೋಗುತ್ತದೆ. ಸೀಸ ಹಾಗಲ್ಲ. ಸುಟ್ಟರೂ ಸೀಸ, ಹೂತರೂ ಸೀಸ, ಯಾವ ಜೀವಿ ನುಂಗಿದರೂ ಸೀಸವೇ. ಬ್ಯಾಕ್ಟೀರಿಯಾ ಅದಕ್ಕೆ ಮಾಡಬಹುದಾದದ್ದು ಎರಡೇ. ನೀರಿನಲ್ಲಿ ಕರಗದಂತೆ ಮಾಡಿ ಬೀಗ ಹಾಕಬಹುದು. ಇಲ್ಲವೇ ಕರಗುವಂತೆ ಮಾಡಿ ಬೀಗ ತೆಗೆಯಬಹುದು. ಎರಡನ್ನೂ ಮಾಡುವ ಬ್ಯಾಕ್ಟೀರಿಯಾ ಇವೆ. ಹಾಗಾಗಿ ಯಾರಾದರೂ ಸುಮ್ನೆ "ಬ್ಯಾಕ್ಟೀರಿಯಾ ಹಾಕಿದ್ದೇವೆ" ಅಂದರೆ ನನಗೆ ಅದು "ಔಷಧಿ ಹೊಡೆದಿದ್ದೇವೆ" ಅಂದ ಹಾಗೆ. ಯಾವ ಔಷಧಿ, ಯಾವ ರೋಗಕ್ಕೆ ಎಂದು ಕೇಳಬೇಕಾಗುತ್ತದೆ.

ಈ ಬೀಗದ ವಿಷಯ ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಮಾಡುತ್ತೀರಲ್ಲ, ಅದನ್ನೇ ನೋಡಿ. ಒಂದು ಕೆಜಿ ಮೈಲುತುತ್ತ, ಒಂದು ಕೆಜಿ ಸುಣ್ಣ, ನೂರು ಲೀಟರ್ ನೀರು. ಮೈಲುತುತ್ತದಲ್ಲಿರುವ ತಾಮ್ರ ನೀರಿನಲ್ಲಿ ಪೂರ್ತಿ ಕರಗಿರುತ್ತದೆ. ಹಾಗೇ ಹೊಡೆದರೆ ಗೊನೆಯೇ ಸುಟ್ಟುಹೋಗುತ್ತದೆ. ಸುಣ್ಣ ಸೇರಿದ ಕೂಡಲೇ ತಾಮ್ರ ಕರಗದ ರೂಪಕ್ಕೆ ಬಂದು ನೀಲಿ ಗಷ್ಟಾಗಿ ಕೂರುತ್ತದೆ. ಬೀಗ ಸರಿಯಾಗಿ ಬಿದ್ದಿದೆಯೋ ಇಲ್ಲವೋ ನೋಡಲು ನೀವು ಏನು ಮಾಡುತ್ತೀರಿ? ತೊಳೆದ ಕತ್ತಿ ಅದ್ದಿ ನೋಡುತ್ತೀರಿ. ಕತ್ತಿಯ ಮೇಲೆ ಕೆಂಪಗೆ ತಾಮ್ರ ಕಟ್ಟಿದರೆ ಇನ್ನೂ ಕರಗಿದ ತಾಮ್ರ ಉಳಿದಿದೆ, ಸುಣ್ಣ ಸಾಲದು ಎಂದರ್ಥ. ಆಮೇಲೆ ಗೊನೆಯ ಮೇಲೆ ಕೂತ ಆ ಪದರ ಮಳೆಗೆ, ಎಲೆಯ ಹುಳಿಗೆ ಸ್ವಲ್ಪ ಸ್ವಲ್ಪವೇ ಕರಗಿ ಶಿಲೀಂಧ್ರವನ್ನು ಕೊಲ್ಲುತ್ತದೆ. ಅಂದರೆ ಸುಣ್ಣ ಹಾಕಿದ ಬೀಗವನ್ನು ಹುಳಿ ತೆಗೆಯುತ್ತದೆ. ಬೋರ್ಡೋದಲ್ಲಿ ನಮಗೆ ಬೇಕಾಗಿರುವುದೂ ಅದೇ. ಬೂದಿಯ ಗುಂಡಿಯಲ್ಲಿ ಆಗಬಾರದ್ದೂ ಅದೇ.

ಈಗ ಅಮ್ಮನ ಮಾತು. ಒಲೆಯ ಬೂದಿ ಮರದ್ದು. ಮರ ಮಣ್ಣಿನಿಂದ ಎತ್ತಿಕೊಂಡ ಪೊಟ್ಯಾಷ್, ಸುಣ್ಣದ ಅಂಶ ಅದರಲ್ಲಿರುತ್ತದೆ. ತೆಂಗಿಗೆ ಅದು ಒಳ್ಳೆಯದೇ. ಕಸ ಸುಡುವ ಘಟಕಕ್ಕೆ ಹೋಗುವುದು ಮರವಲ್ಲ. ಹಳೇ ಪೈಪು, ವೈರಿನ ಸಿಪ್ಪೆ, ಬಣ್ಣ ಬಳಿದ ಹಲಗೆ, ಬ್ಯಾಟರಿ, ಟಯರಿನ ಚೂರು, ಸತುವಿನ ಲೇಪ ಇರುವ ಡಬ್ಬ ಎಲ್ಲವೂ ಹೋಗುತ್ತವೆ. ಸೀಸ, ಕ್ಯಾಡ್ಮಿಯಂ, ಸತು ಬರುವುದು ಅಲ್ಲಿಂದ. ಸುಟ್ಟಾಗ ಕಸದ ತೂಕ ಮುಕ್ಕಾಲು ಪಾಲು ಇಳಿಯುತ್ತದೆ, ಲೋಹ ಇಳಿಯುವುದಿಲ್ಲ. ಉಳಿದ ಕಾಲು ಭಾಗದಲ್ಲಿ ಅದು ಗಟ್ಟಿಯಾಗಿ ಕೂರುತ್ತದೆ. ಅದರಲ್ಲೂ ಎರಡು ಜಾತಿ ಇದೆ. ಕುಲುಮೆಯ ತಳದಲ್ಲಿ ಉಳಿಯುವುದು ತಳಬೂದಿ. ಕಬ್ಬಿಣ, ತಾಮ್ರ ಹೆಚ್ಚಾಗಿ ಅಲ್ಲಿರುತ್ತವೆ. ಹೊಗೆಯ ಜೊತೆ ಮೇಲೆ ಹೋಗಿ ಚಿಮಣಿಗೆ ಮುಂಚೆ ಫಿಲ್ಟರಿನಲ್ಲಿ ಸಿಕ್ಕಿಬೀಳುವುದು ಹಾರುಬೂದಿ. ಸೀಸ, ಕ್ಯಾಡ್ಮಿಯಂ, ಪಾದರಸ ಕಾವಿಗೆ ಆವಿಯಾಗಿ, ಹೊಗೆ ತಣ್ಣಗಾಗುವಾಗ ಈ ಸಣ್ಣ ಪುಡಿಯ ಮೇಲೆ ಬಂದು ಕೂರುತ್ತವೆ. ತೂಕದಲ್ಲಿ ಹಾರುಬೂದಿ ಸ್ವಲ್ಪ, ವಿಷದಲ್ಲಿ ಜಾಸ್ತಿ. ನಿಮ್ಮ ಗುಡ್ಡಕ್ಕೆ ಬಂದಿರುವುದು ಯಾವುದು? ಗುತ್ತಿಗೆದಾರರಿಗೆ ನೀವು ಕೇಳಬೇಕಾದ ಮೊದಲ ಪ್ರಶ್ನೆ ಇದು. ಅವರಿಗೇ ಗೊತ್ತಿಲ್ಲದಿದ್ದರೆ ಅದೂ ಒಂದು ಉತ್ತರವೇ.

(ಹಾಗೇ ಒಂದು ಮಾತು. ಬಚ್ಚಲ ಒಲೆಗೆ ಪ್ಲಾಸ್ಟಿಕ್ ಕವರು, ಪೇಂಟ್ ಹೊಡೆದ ಹಳೇ ಬಾಗಿಲು ಹಾಕಿ ಹಂಡೆ ಕಾಯಿಸುವ ಮನೆಗಳಿವೆ. ಅವರ ಬೂದಿಯೂ ಅಮ್ಮ ಹೇಳುವ ಬೂದಿಯಲ್ಲ.)

ಇನ್ನು ಬೀಗ ಹಾಕುವ ಬ್ಯಾಕ್ಟೀರಿಯಾ. ಇದರಲ್ಲಿ ಹೆಸರಾದದ್ದು ಸ್ಪೊರೊಸಾರ್ಸಿನಾ ಪಾಶ್ಚೂರಿ. ಮಣ್ಣಿನಲ್ಲೇ ಇರುವ ಜೀವಿ, ಮನುಷ್ಯರಿಗೆ ರೋಗ ತರುವಂಥದ್ದಲ್ಲ. ಇದು ಮಾಡುವ ಕೆಲಸದ ವಾಸನೆ ನಿಮಗೆ ದಿನಾ ಬರುತ್ತದೆ. ಬೆಳಗ್ಗೆ ಕೊಟ್ಟಿಗೆಯ ಬಾಗಿಲು ತೆಗೆದಾಗ ಮೂಗಿಗೆ ಹೊಡೆಯುವ ಆ ಘಾಟು ಅಮೋನಿಯಾದ್ದು. ದನದ ಗಂಜಲದಲ್ಲಿರುವ ಯೂರಿಯಾವನ್ನು ಬ್ಯಾಕ್ಟೀರಿಯಾ ಒಡೆದು ಅಮೋನಿಯಾ ಮಾಡುತ್ತವೆ. ಆಗ ಜೊತೆಯಲ್ಲಿ ಕಾರ್ಬೊನೇಟ್ ಎನ್ನುವುದೂ ಹುಟ್ಟುತ್ತದೆ. ಅಲ್ಲೇ ಸುಣ್ಣದ ಅಂಶ ಇದ್ದರೆ ಇವೆರಡೂ ಸೇರಿ ಸುಣ್ಣಕಲ್ಲಾಗುತ್ತದೆ. ಗೋಡೆಗೆ ಬಳಿದ ಸುಣ್ಣ ಗಾಳಿ ಕುಡಿದು ಗಟ್ಟಿಯಾಗುತ್ತದಲ್ಲ, ಕೊನೆಗೆ ಸಿಗುವ ಕಲ್ಲು ಅದೇ. ಹೀಗೆ ಕಲ್ಲು ಕಟ್ಟುವಾಗ ಹತ್ತಿರದಲ್ಲಿರುವ ಸೀಸ, ಕ್ಯಾಡ್ಮಿಯಂ ಕೂಡ ಕಾರ್ಬೊನೇಟ್ ಆಗಿ ಅದರೊಳಗೆ ಸಿಕ್ಕಿಕೊಳ್ಳುತ್ತವೆ. ಬೂದಿಯ ಕಣಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಧೂಳು ಏಳುವುದು, ನೀರು ಇಳಿಯುವುದು ಎರಡೂ ಕಡಿಮೆಯಾಗುತ್ತವೆ. 2020ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಮತ್ತು ಇಸ್ರೋದ ಸಂಶೋಧಕರು ಚಂದ್ರನ ಮಣ್ಣನ್ನು ಹೋಲುವ ಪುಡಿಗೆ ಯೂರಿಯಾ, ಗೋರಿಕಾಯಿ ಬೀಜದ ಗೋಂದು ಮತ್ತು ಇದೇ ಬ್ಯಾಕ್ಟೀರಿಯಾ ಬೆರೆಸಿ ಇಟ್ಟಿಗೆ ಮಾಡಿ ತೋರಿಸಿದ್ದರು. ಅಂದರೆ ಕಲ್ಲು ಕಟ್ಟುವ ಶಕ್ತಿಯ ಬಗ್ಗೆ ಅನುಮಾನ ಬೇಡ.

ಅನುಮಾನ ಬರುವುದು ಬೂದಿಯ ಹತ್ತಿರ ಬಂದಾಗ. ಪಿಎಚ್ ಎಂದರೆ ಹುಳಿ, ಖಾರದ (ಕ್ಷಾರದ) ಅಳತೆ; 7 ನಡು, ಅದಕ್ಕಿಂತ ಕೆಳಗೆ ಹುಳಿ, ಮೇಲೆ ಖಾರ. ಸುಣ್ಣ ಜಾಸ್ತಿ ಇರುವ, ತೊಳೆಯದ ಹಾರುಬೂದಿಯ ಪಿಎಚ್ 12ರ ಮೇಲೆ ಇರುತ್ತದೆ. ಹೊಸದಾಗಿ ಅರಳಿಸಿದ ಸುಣ್ಣದಷ್ಟು ಖಾರ. ಈ ಬ್ಯಾಕ್ಟೀರಿಯಾಕ್ಕೆ ಹಿತವಾಗುವುದು 9ರ ಆಸುಪಾಸು. ನಾವು ಮೊದಲ ಸಲ ಪ್ರಯೋಗ ಮಾಡಿದಾಗ ಉತ್ಸಾಹದಲ್ಲಿ ತೊಳೆಯದ ಬೂದಿಗೆ ನೇರವಾಗಿ ಸುರಿದೆವು. ಮಾರನೆಯ ದಿನ ನೋಡಿದರೆ ಒಂದೂ ಬದುಕಿರಲಿಲ್ಲ. ಆಮೇಲೆ ಬೂದಿಯನ್ನು ನೀರಲ್ಲಿ ತೊಳೆದು, ಗಾಳಿಗೆ ಹರಡಿ ಪಿಎಚ್ ಇಳಿಸಿ ಹಾಕಿದಾಗ ಕೆಲಸ ಮಾಡಿದವು. ಆದರೆ ಆ ತೊಳೆದ ನೀರು? ಅದರಲ್ಲಿ ಉಪ್ಪು, ಸೀಸ ಎರಡೂ ಇದ್ದವು. ಒಂದು ಸಮಸ್ಯೆಯನ್ನು ಬಕೆಟ್ಟಿನಿಂದ ಬಕೆಟ್ಟಿಗೆ ಸಾಗಿಸಿದ ಹಾಗಾಯಿತು. ಕೊನೆಗೆ ಆ ನೀರಿಗೇ ಬೇರೆ ಚಿಕಿತ್ಸೆ ಕೊಡಬೇಕಾಯಿತು. ಅಷ್ಟರಲ್ಲಿ ಅಮೋನಿಯಾ ಘಾಟಿಗೆ ಪಕ್ಕದ ಕೋಣೆಯವರು ದೂರು ಕೊಟ್ಟಾಗಿತ್ತು.

ಆ ಅಮೋನಿಯಾ ನಗೆಮಾತಲ್ಲ. ಲೆಕ್ಕ ಹಾಕಿ ನೋಡಿ. 45 ಕೆಜಿಯ ಒಂದು ಚೀಲ ಯೂರಿಯಾದಲ್ಲಿ ಸುಮಾರು 20 ಕೆಜಿ ಸಾರಜನಕ ಇದೆ. ಕಲ್ಲು ಕಟ್ಟಲು ಬಳಕೆಯಾಗುವುದು ಕಾರ್ಬೊನೇಟ್ ಮಾತ್ರ. ಸಾರಜನಕದ ಬಹುಪಾಲು ಅಮೋನಿಯಾ ಆಗಿ ಆಚೆ ಬರುತ್ತದೆ. ಮಣ್ಣಿಗೆ ಇಳಿದರೆ ಅದು ನೈಟ್ರೇಟ್ ಆಗುತ್ತದೆ. ಕುಡಿಯುವ ನೀರಿನಲ್ಲಿ ನೈಟ್ರೇಟ್ ಲೀಟರಿಗೆ 45 ಮಿಲಿಗ್ರಾಂ ಮೀರಬಾರದು. ಒಂದೇ ಚೀಲದ ಸಾರಜನಕ ಪೂರ್ತಿ ನೈಟ್ರೇಟ್ ಆದರೆ ಸುಮಾರು 20 ಲಕ್ಷ ಲೀಟರ್ ನೀರನ್ನು ಆ ಮಿತಿಗೆ ತಂದು ನಿಲ್ಲಿಸುತ್ತದೆ. ಒಂದು ಕ್ವಾರಿ ತುಂಬುವ ಬೂದಿಗೆ ಒಂದು ಚೀಲ ಎಲ್ಲಿ ಸಾಲುತ್ತದೆ? ಅದಕ್ಕೇ ಸರಿಯಾಗಿ ಮಾಡುವವರು ಅಮೋನಿಯಾ ನೀರನ್ನು ಹಿಡಿದು ಬೇರೆ ತೆಗೆಯುತ್ತಾರೆ. ಇನ್ನೊಂದು ವಿಷಯ. ಸೊಸೈಟಿಯಲ್ಲಿ ನೀವು ಕ್ಯೂ ನಿಂತು ತರುವ ಸಬ್ಸಿಡಿ ಯೂರಿಯಾವನ್ನು ಇಂಥ ಕೆಲಸಕ್ಕೆ ಬಳಸುವುದು ಕಾನೂನಿನ ಪ್ರಕಾರ ತಪ್ಪು. ಅವರು ಎಲ್ಲಿಂದ ತಂದರು ಎಂದು ಕೇಳಿ, ಮುಖ ನೋಡಿ.

ಈಗ ನಮ್ಮ ಊರಿನ ಗುಣ. ಕಾರ್ಬೊನೇಟ್ ಬೀಗ ಹುಳಿಗೆ ನಿಲ್ಲುವುದಿಲ್ಲ. ಬಯಲುಸೀಮೆಯ ಬೋರ್‌ವೆಲ್ ನೀರು ಕಾಯಿಸಿದ ಪಾತ್ರೆಯ ತಳದ ಬಿಳಿ ಪಕಳೆಗೆ ನಿಂಬೆಹುಳಿ ಹಾಕಿ ನೋಡಿ, ಬುರುಬುರು ನೊರೆ ಬಂದು ಕರಗುತ್ತದೆ. ಮಲೆನಾಡಿನ ಕೆಂಪು ಮಣ್ಣು ಹುಟ್ಟಾ ಹುಳಿ. ಪಿಎಚ್ 5ರಿಂದ 6ರ ನಡುವೆ ಇರುವುದೇ ಹೆಚ್ಚು. ದರಗು (ಉದುರಿದ ಒಣ ಎಲೆ) ಕೊಳೆತ ನೀರು ಇನ್ನೂ ಹುಳಿ. ಮಳೆಯೋ, ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರ್ ಮೀರುತ್ತದೆ. ನಿಮ್ಮ ತಾಲ್ಲೂಕಿನ ಹುಲಿಕಲ್ ಅದಕ್ಕೇ ಪೈಪೋಟಿ ಕೊಡುತ್ತದೆ. 7,000 ಮಿಲಿಮೀಟರ್ ಎಂದರೆ ಒಂದು ಚದರ ಮೀಟರ್ ಜಾಗದ ಮೇಲೆ ವರ್ಷಕ್ಕೆ 7,000 ಲೀಟರ್ ನೀರು. ಒಣ ನಾಡಿನಲ್ಲಿ ಹತ್ತಾರು ವರ್ಷ ನಿಲ್ಲುವ ಬೀಗ ಇಲ್ಲಿ ಅಷ್ಟು ನಿಲ್ಲುತ್ತದೆ ಎಂದು ನಾನು ಬರೆದುಕೊಡಲಾರೆ.

ಇದೇ ಲೆಕ್ಕದಲ್ಲಿ ಆ ಲ್ಯಾಬ್ ರಿಪೋರ್ಟ್ ಓದೋಣ. 5 ಮಿಲಿಗ್ರಾಂ ಮಿತಿ ಎಂದಿರುವುದರಿಂದ ಅದು ಟಿಸಿಎಲ್‌ಪಿ ಎನ್ನುವ ಪರೀಕ್ಷೆ ಇರಬೇಕು. ಒಂದು ಪಾಲು ಬೂದಿಗೆ ಇಪ್ಪತ್ತು ಪಾಲು ತೆಳು ಅಸಿಟಿಕ್ ಆಮ್ಲ ಹಾಕುತ್ತಾರೆ. ವಿನೆಗರ್‌ನಲ್ಲಿರುವುದು ಇದೇ ಆಮ್ಲ. 18 ಗಂಟೆ ತಿರುಗಿಸಿ, ಸೋಸಿ, ನೀರಿಗೆ ಎಷ್ಟು ಲೋಹ ಬಂತು ನೋಡುತ್ತಾರೆ. ಸೀಸ 5 ಮೀರಿದರೆ ಅಪಾಯಕಾರಿ ತ್ಯಾಜ್ಯ. ಆ 5 ಕುಡಿಯುವ ನೀರಿನ ಮಿತಿಯಲ್ಲ, ಮಾರಾಯ್ರೆ. ಕುಡಿಯುವ ನೀರಿಗೆ ಭಾರತೀಯ ಮಾನಕ ಹೇಳುವುದು ಸೀಸ 0.01, ಕ್ಯಾಡ್ಮಿಯಂ 0.003 ಮಿಲಿಗ್ರಾಂ. ಅಂದರೆ ನಿಮಗೆ ತೋರಿಸಿದ 0.4 ಎನ್ನುವುದು ಕುಡಿಯುವ ನೀರಿನ ಮಿತಿಯ 40 ಪಟ್ಟು. ಗಾಬರಿ ಬೇಡ, ಆ ಸೋಸಿದ ನೀರು ಹಾಗೇ ನಿಮ್ಮ ಅಬ್ಬಿಗೆ ಬರುವುದಿಲ್ಲ. ನಡುವೆ ಬೇರೆ ನೀರು ಸೇರುತ್ತದೆ, ಮಣ್ಣು ಹಿಡಿಯುತ್ತದೆ. ಆದರೆ "ಮಿತಿಯೊಳಗಿದೆ, ಕುಡಿಯಬಹುದು" ಎಂದು ಯಾರಾದರೂ ಹೇಳಿದರೆ ಅವರಿಗೆ ಪರೀಕ್ಷೆಯೇ ಅರ್ಥವಾಗಿಲ್ಲ.

ಇನ್ನೂ ಒಂದು ಸೂಕ್ಷ್ಮ ಇದೆ. ಸೀಸ ಹುಳಿಯಲ್ಲೂ ಕರಗುತ್ತದೆ, ಅತಿ ಖಾರದಲ್ಲೂ ಕರಗುತ್ತದೆ. ನಡುವೆ, ಪಿಎಚ್ 8ರಿಂದ 10ರವರೆಗೆ ಸುಮ್ಮನೆ ಕೂತಿರುತ್ತದೆ. ಬೂದಿಯಲ್ಲಿರುವ ಸುಣ್ಣ ಪರೀಕ್ಷೆಯ ಆಮ್ಲವನ್ನೆಲ್ಲ ಕುಡಿದು ಕೊನೆಗೆ ಪಿಎಚ್ 9ಕ್ಕೆ ಬಂದು ನಿಂತರೆ ಸೀಸ ಕಡಿಮೆ ಕಾಣುತ್ತದೆ. ಬ್ಯಾಕ್ಟೀರಿಯಾ ಏನೂ ಮಾಡದಿದ್ದರೂ ಕಡಿಮೆಯೇ ಕಾಣುತ್ತದೆ! ಅದಕ್ಕೇ ರಿಪೋರ್ಟಿನಲ್ಲಿ ಕೊನೆಯ ಪಿಎಚ್ ಎಷ್ಟಿತ್ತು ಎಂದು ಕೇಳಿ. ಬ್ಯಾಕ್ಟೀರಿಯಾ ಹಾಕುವ ಮುಂಚಿನ ಬೂದಿಯ ರಿಪೋರ್ಟ್ ಎಲ್ಲಿ ಎಂದೂ ಕೇಳಿ. ಒಂದು ಮೀಟರ್ ದಪ್ಪ ಬೂದಿ ಸುರಿದರೆ ಚದರ ಮೀಟರಿಗೆ ಹತ್ತಿರ ಹತ್ತಿರ ಒಂದು ಟನ್. ಇಪ್ಪತ್ತು ಪಾಲು ಎಂದರೆ 20,000 ಲೀಟರ್. ಆಗುಂಬೆಯ ಮಳೆ ಪೂರ್ತಿ ಒಳಗಿಳಿದರೆ ಅಷ್ಟು ನೀರು ಮೂರೇ ವರ್ಷದಲ್ಲಿ ಹಾದುಹೋಗುತ್ತದೆ. ಸುಣ್ಣವೆಲ್ಲ ತೊಳೆದುಹೋಗಿ ಪಿಎಚ್ ಇಳಿದ ನಂತರದ ವರ್ಷಗಳ ಬಗ್ಗೆ ಈ ಪರೀಕ್ಷೆ ಬಾಯಿಬಿಡುವುದಿಲ್ಲ.

ಜೀವಾಮೃತದ ಪ್ರಶ್ನೆಗೆ ನನ್ನ ಉತ್ತರ: ದಯವಿಟ್ಟು ಹಾಕಬೇಡಿ. ಬೆಳೆಗೆ ಹಾಕುವುದರ ಬಗ್ಗೆ ನನ್ನ ತಕರಾರಿಲ್ಲ, ಬೂದಿಗೆ ಬೇಡ. ಗಂಜಲದ ಯೂರಿಯಾ ಅದರಲ್ಲಿದೆ, ಅದನ್ನು ಒಡೆಯುವ ಬ್ಯಾಕ್ಟೀರಿಯಾವೂ ಇವೆ, ನಿಜ. ಆದರೆ ಬೆಲ್ಲ, ದ್ವಿದಳ ಹಿಟ್ಟು ಕೂಡ ಇವೆ. ಅವು ಹುಳಿತರೆ ಆಮ್ಲ ಹುಟ್ಟುತ್ತದೆ. ಒಂದು ಕಡೆಯಿಂದ ಬೀಗ ಹಾಕಿ ಇನ್ನೊಂದು ಕಡೆಯಿಂದ ತೆಗೆದ ಹಾಗೆ. ರಂಜಕ ಕರಗಿಸುವ ಪಿಎಸ್‌ಬಿ ಗೊಬ್ಬರ ನೀವು ಬಳಸಿರಬಹುದು. ಅದು ರಂಜಕ ಕರಗಿಸುವುದು ಹೇಗೆ? ಆಮ್ಲ ಸುರಿಸಿ. ಅದೇ ಆಮ್ಲ ಸೀಸವನ್ನೂ ಸತುವನ್ನೂ ಕರಗಿಸಬಲ್ಲದು. ಈರುಳ್ಳಿ ಸಿಪ್ಪೆಯ ಮೇಲೆ ಕಾಣುವ ಕರಿ ಬೂಷ್ಟು, ಆಸ್ಪರ್ಜಿಲಸ್ ನೈಜರ್, ಇದರಲ್ಲಿ ಇನ್ನೂ ಗಟ್ಟಿಗ. ಕಾರ್ಖಾನೆಗಳಲ್ಲಿ ಸಿಟ್ರಿಕ್ ಆಮ್ಲ ಮಾಡುವುದೇ ಇದರಿಂದ. ಜ್ಯೂರಿಕ್‌ನ ಸಂಶೋಧಕರು 1996ರಲ್ಲೇ ಇದನ್ನು ಬಳಸಿ ಹಾರುಬೂದಿಯಿಂದ ಲೋಹ ಕರಗಿಸಿ ತೆಗೆದಿದ್ದರು. ಗಂಧಕ ತಿಂದು ಆಮ್ಲ ಮಾಡುವ ಅಸಿಡಿಥಯೋಬ್ಯಾಸಿಲಸ್ ಜಾತಿಯೂ ಇದೇ ಕೆಲಸಕ್ಕೆ ಆಗುತ್ತದೆ. ಇದು ಕೆಟ್ಟದ್ದೇನಲ್ಲ. ಬೇಕಂತಲೇ ಬೀಗ ತೆಗೆದು, ಲೋಹವನ್ನು ನೀರಿಗೆ ತಂದು, ಆ ನೀರಿನಿಂದ ಲೋಹ ವಾಪಸ್ ಪಡೆಯುವುದು ಇದರ ಉದ್ದೇಶ. ಸ್ವಿಟ್ಜರ್ಲೆಂಡಿನಲ್ಲಿ ಹಾರುಬೂದಿಯನ್ನು ಆಮ್ಲದಲ್ಲಿ ತೊಳೆದು ಸತು ತೆಗೆಯುತ್ತಾರೆ, ಅಲ್ಲಿ ಬಳಸುವುದು ಬೂಷ್ಟಿನ ಆಮ್ಲವಲ್ಲ, ಹೆಚ್ಚಾಗಿ ಆ ಘಟಕದ ಹೊಗೆ ತೊಳೆದಾಗ ಸಿಗುವ ಹುಳಿ ನೀರು. ಆದರೆ ಇದೆಲ್ಲ ಮುಚ್ಚಿದ ಟ್ಯಾಂಕಿನಲ್ಲಿ ಆಗಬೇಕಾದ ಕೆಲಸ. ನಿಮ್ಮ ಅಬ್ಬಿಯ ನೆತ್ತಿಯ ಮೇಲೆ ಅಲ್ಲ.

ಮೂರನೆಯ ಜಾತಿ ನಿಮ್ಮ ಗದ್ದೆಯಲ್ಲೇ ಇದೆ. ಆಳದ ಕೆಸರು ಕಪ್ಪಗಿದ್ದು, ಕಾಲಿಟ್ಟರೆ ಕೊಳೆತ ಮೊಟ್ಟೆಯ ವಾಸನೆ ಬರುತ್ತದಲ್ಲ, ಅದು ಸಲ್ಫೇಟ್ ಉಸಿರಾಡುವ ಬ್ಯಾಕ್ಟೀರಿಯಾದ ಕೆಲಸ. ಅವು ಬಿಡುವ ಗಂಧಕದ ಅನಿಲ ಲೋಹಗಳನ್ನು ಸಲ್ಫೈಡ್ ಮಾಡಿ ಗಟ್ಟಿಯಾಗಿ ಕಟ್ಟಿಹಾಕುತ್ತದೆ. ಕಾರ್ಬೊನೇಟಿಗಿಂತ ಬಲವಾದ ಬೀಗ. ಗಾಳಿ ತಾಗುವವರೆಗೆ ಮಾತ್ರ. ಕೊಯ್ಲಿಗೆ ಮುಂಚೆ ಗದ್ದೆಯ ನೀರು ಬಿಟ್ಟಾಗ ಕೆಸರು ಒಣಗಿ, ಕ್ಯಾಡ್ಮಿಯಂ ಬಿಡುಗಡೆಯಾಗಿ ಭತ್ತಕ್ಕೆ ಏರುವುದು ಜಪಾನಿನವರಿಗೆ ಚೆನ್ನಾಗಿ ಗೊತ್ತು. ಅಲ್ಲಿ ಗಣಿಯ ಕ್ಯಾಡ್ಮಿಯಂ ಸೇರಿದ ಜಿಂಜು ನದಿಯ ನೀರು, ಅಕ್ಕಿ ಉಂಡು ಜನ ಎಲುಬು ಮುರಿಯುವ ನೋವಿನಿಂದ ನರಳಿದ್ದರು. 1968ರಲ್ಲಿ ಸರ್ಕಾರ ಅದನ್ನು ಮಾಲಿನ್ಯದ ರೋಗ ಎಂದು ಒಪ್ಪಿಕೊಂಡಿತು. ಹಾಗಾಗಿ ನನ್ನ ಮೊದಲ ಭಯ ನಿಮ್ಮ ಅಡಿಕೆಯದ್ದಲ್ಲ. ಕುಡಿಯುವ ನೀರು, ಆಮೇಲೆ ಕೆಳಗಿನ ಗದ್ದೆ, ಮನೆ ಹಿತ್ತಲ ಹರಿವೆ, ಬಸಳೆ. ಸೀಸ ಹೆಚ್ಚಾಗಿ ಬೇರಿನಲ್ಲೇ ನಿಲ್ಲುತ್ತದೆ. ಕ್ಯಾಡ್ಮಿಯಂ ಹುಳಿ ಮಣ್ಣಿನಲ್ಲಿ ಸಲೀಸಾಗಿ ಸೊಪ್ಪಿಗೆ ಏರುತ್ತದೆ.

ಜಾಗದ ಬಗ್ಗೆಯೂ ಹೇಳಬೇಕು. ಜಂಬಿಟ್ಟಿಗೆ ಕಲ್ಲು ಜೇನುಗೂಡಿನ ಹಾಗೆ. ಮೇಲೆ ಸುರಿದ ನೀರು ಸರ್ರನೆ ಇಳಿದು ಕೆಳಗಿನ ಶೇಡಿ ಮಣ್ಣಿಗೆ (ನುಣುಪಾದ ಜೇಡಿಗೆ) ತಾಗಿ, ಅದರ ಮೇಲೆ ಜಾರಿ, ಇಳಿಜಾರಿನಲ್ಲಿ ಹೊರಗೆ ಬರುತ್ತದೆ. ಅಬ್ಬಿ ಹುಟ್ಟುವುದೇ ಹೀಗೆ ಅಲ್ವಾ? ಕೆಂಪು ಮಣ್ಣಿನ ಕಬ್ಬಿಣದ ಅಂಶ ಸೀಸವನ್ನು ಒಂದಿಷ್ಟು ಹಿಡಿಯುತ್ತದೆ, ಅದು ನಮ್ಮ ಪುಣ್ಯ. ಆದರೆ ಕ್ವಾರಿಯಲ್ಲಿ ಆ ಕಲ್ಲನ್ನೇ ಕಡಿದು ಸಾಗಿಸಿಯಾಗಿದೆ. ಉಳಿದ ಪದರ ಎಷ್ಟು ದಪ್ಪ ಇದೆಯೋ ನೀವೇ ಹೋಗಿ ನೋಡಬೇಕು. ತಳದಲ್ಲಿ ಬಿಳಿ, ನಸುಗೆಂಪು ಶೇಡಿ ಕಾಣುತ್ತಿದ್ದರೆ ಶೋಧಿಸುವ ಪದರ ಉಳಿದಿಲ್ಲ ಎಂದೇ ಲೆಕ್ಕ.

ಹಾಗಾದರೆ ಬೂದಿಗೆ ದಾರಿ ಏನು? ಸುರಕ್ಷಿತ ಗುಂಡಿ ಒಂದು ದಾರಿ. ತಳಕ್ಕೆ ಜೇಡಿ ಮತ್ತು ದಪ್ಪ ಪ್ಲಾಸ್ಟಿಕ್ ಹಾಳೆ, ಬಸಿದ ನೀರು ಹಿಡಿಯುವ ಪೈಪು, ಮೇಲೆ ಮುಚ್ಚಿಗೆ ಇರುವಂಥದ್ದು. ನಮ್ಮ ರಾಜ್ಯದಲ್ಲಿ ದಾಬಸ್‌ಪೇಟೆಯಲ್ಲಿ ಅಪಾಯಕಾರಿ ತ್ಯಾಜ್ಯಕ್ಕೆ ಅಂಥ ಜಾಗ ಇದೆ. ಸಾಗಣೆ ಖರ್ಚು ಜಾಸ್ತಿ. ಕ್ವಾರಿಯ ಆಸೆ ಹುಟ್ಟುವುದೇ ಆ ಖರ್ಚು ಉಳಿಸಲು. ಆಸ್ಪತ್ರೆ ಕಸದ ಬೂದಿಯಾದರೆ 2016ರ ನಿಯಮ ಸ್ಪಷ್ಟ. ಅಪಾಯಕಾರಿ ತ್ಯಾಜ್ಯದ ಜಾಗಕ್ಕೆ ಹೋಗಬೇಕು, ಲೋಹ ಮಿತಿಯೊಳಗಿದ್ದರೆ ನಗರದ ಕಸದ ಭೂಭರ್ತಿಗೆ ಹೋಗಬಹುದು. ಖಾಸಗಿ ಕ್ವಾರಿ ಎರಡರಲ್ಲೂ ಇಲ್ಲ. ಸಿಮೆಂಟ್ ಬೆರೆಸಿ ಗಟ್ಟಿ ಮಾಡುವುದು ಇನ್ನೊಂದು ದಾರಿ. ಬೇಗ ಆಗುತ್ತದೆ, ಆದರೆ ಬೂದಿಯ ಉಪ್ಪು ಸಿಮೆಂಟನ್ನೇ ಕೆಡಿಸುತ್ತದೆ. ಫಾಸ್ಫೇಟ್ ಬೆರೆಸಿದರೆ ಸೀಸ ಹುಳಿಗೂ ಸುಲಭಕ್ಕೆ ಜಗ್ಗದ ರೂಪಕ್ಕೆ ಬರುತ್ತದೆ. ನಮ್ಮ ಮಣ್ಣಿಗೆ ಕಾರ್ಬೊನೇಟಿಗಿಂತ ಇದು ವಾಸಿ ಎಂದು ನನ್ನ ಅಭಿಪ್ರಾಯ. ಕ್ಯಾಡ್ಮಿಯಂಗೆ ಅಷ್ಟು ಭರವಸೆ ಇಲ್ಲ. ತಳಬೂದಿಯನ್ನು ಬೇರ್ಪಡಿಸಿ, ಕೆಲವು ತಿಂಗಳು ಗಾಳಿ ಮಳೆಗೆ ಬಿಟ್ಟು ಹಳತಾಗಿಸಿ, ಬಸಿದ ನೀರನ್ನು ಹಿಡಿದು, ಆಮೇಲೆ ರಸ್ತೆಯ ಅಡಿಪಾಯಕ್ಕೆ ಬಳಸುವುದು ಯುರೋಪಿನ ಕೆಲವು ದೇಶಗಳಲ್ಲಿದೆ. ಹಾರುಬೂದಿಗೆ ಈ ದಾರಿ ಇಲ್ಲ.

ಬ್ಯಾಕ್ಟೀರಿಯಾಕ್ಕೆ ಇವುಗಳ ನಡುವೆ ಒಂದು ಜಾಗ ಇದೆ. ತೊಳೆದ ಬೂದಿಗೆ, ಅಮೋನಿಯಾ ಹಿಡಿಯುವ ವ್ಯವಸ್ಥೆಯ ಜೊತೆ, ಸುರಕ್ಷಿತ ಗುಂಡಿಗೆ ಹಾಕುವ ಮುಂಚೆ ಒಂದು ಹೆಚ್ಚಿನ ಬೀಗವಾಗಿ ಬಳಸಬಹುದು. ಇಲ್ಲವೇ ಗುಂಡಿಯ ಮೇಲ್ಪದರ ಗಟ್ಟಿ ಮಾಡಿ ಧೂಳು ಏಳದಂತೆ ತಡೆಯಲು ಬಳಸಬಹುದು. ಈ ಕೆಲಸವನ್ನು ನಾನು ಇಷ್ಟಪಟ್ಟು ಮಾಡಿದವಳು. ಆದರೂ ಅದನ್ನು ಪ್ಲಾಸ್ಟಿಕ್ ಹಾಳೆಯ ಬದಲಿಗೆ ಎಂದು ಯಾರಾದರೂ ಮಾರಿದರೆ ನಾನು ಒಪ್ಪುವುದಿಲ್ಲ.

ಈಗ ನಿಮ್ಮ ಕೈಯಲ್ಲಿ ಆಗುವ ಕೆಲಸ. ಬಿದ್ದಿರುವ ಎರಡು ಲೋಡಿನ ಫೋಟೋ ತೆಗೆಯಿರಿ, ದಿನಾಂಕ ಕಾಣಲಿ. ಮುಂದೆ ಟಿಪ್ಪರ್ ಬಂದರೆ ನಂಬರ್ ಬರೆದಿಡಿ. ಗ್ರಾಮ ಪಂಚಾಯಿತಿಗೂ ಶಿವಮೊಗ್ಗದಲ್ಲಿರುವ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ಪ್ರಾದೇಶಿಕ ಕಚೇರಿಗೂ ಲಿಖಿತ ದೂರು ಕೊಟ್ಟು ಸ್ವೀಕೃತಿ ತೆಗೆದುಕೊಳ್ಳಿ. ಬೂದಿ ಎಲ್ಲಿಂದ ಬಂತು, ತಳಬೂದಿಯೋ ಹಾರುಬೂದಿಯೋ, ಇಲ್ಲಿ ಹಾಕಲು ಅನುಮತಿ ಇದೆಯಾ, ಈ ಮೂರನ್ನು ಅದರಲ್ಲಿ ಕೇಳಿ. ಅಪಾಯಕಾರಿ ತ್ಯಾಜ್ಯ ಎಂದು ತೀರ್ಮಾನವಾದರೆ ಅದನ್ನು ಎತ್ತಿಸುವ, ಆದ ಹಾನಿ ತುಂಬಿಕೊಡುವ ಹೊಣೆ ಬೂದಿ ಹುಟ್ಟಿಸಿದವರಿಗೂ ಇದೆ. ಗುತ್ತಿಗೆದಾರರಿಗೆ ಕೊಟ್ಟುಬಿಟ್ಟೆವು ಎಂದು ಅವರು ಕೈತೊಳೆದುಕೊಳ್ಳಲು ಬರುವುದಿಲ್ಲ.

ಎತ್ತಿಸುವವರೆಗೆ ಮಳೆ ತಾಗದಂತೆ ನೋಡಿಕೊಳ್ಳಿ. ಅಡಿಕೆ ಒಣಗಿಸುವ ಹಳೇ ಟಾರ್ಪಾಲಾದರೂ ಸರಿ, ಅದನ್ನು ಮತ್ತೆ ಅಡಿಕೆಗೆ ಬಳಸಬೇಡಿ ಅಷ್ಟೇ. ಗುಡ್ಡದ ಮೇಲಿಂದ ಹರಿದು ಬರುವ ನೀರು ರಾಶಿಗೆ ತಾಗದೆ ಸುತ್ತಿ ಆಚೆ ಹೋಗುವಂತೆ ಮೇಲ್ಗಡೆ ಒಂದು ಬಸಿಗಾಲುವೆ ತೆಗೆಯಿರಿ. ಗಾಳಿಯಿಲ್ಲದ ಹೊತ್ತು ನೋಡಿ, ಮೂಗಿಗೆ ಮಾಸ್ಕ್, ಕೈಗೆ ಗ್ಲೌಸ್ ಹಾಕಿ ಮಾಡಿ. ಆ ಪುಡಿ ಚರ್ಮ, ಕಣ್ಣು ಸುಡುತ್ತದೆ. ಜಾಗ ಅವರ ಗುತ್ತಿಗೆಯಲ್ಲಿರುವುದರಿಂದ ಪಂಚಾಯಿತಿಯವರನ್ನು ಜೊತೆಗಿಟ್ಟುಕೊಂಡು ಮಾಡಿಸುವುದು ಒಳ್ಳೆಯದು. ನೀರು ಹಾಯಿಸಿ ತೊಳೆಯುವುದು, ಯೂರಿಯಾ ಎರಚುವುದು ಯಾವುದೂ ಬೇಡ.

ನೀರಿನ ವಿಷಯದಲ್ಲಿ ಒಂದು ಸುಲಭದ ಉಪಾಯ ಇದೆ. ಕಸದ ಬೂದಿಯಲ್ಲಿ ಉಪ್ಪು ತುಂಬಾ ಇರುತ್ತದೆ. ಉಪ್ಪು ಮಣ್ಣಿಗೆ ಅಂಟುವುದಿಲ್ಲ, ನೀರಿನ ಜೊತೆ ಓಡುತ್ತದೆ. ಲೋಹ ನಿಧಾನ. ಹಾಗಾಗಿ ಅಬ್ಬಿಗೆ ಬೂದಿಯ ನೀರು ಬರುತ್ತಿದ್ದರೆ ಮೊದಲು ಕಾಣುವುದು ಉಪ್ಪು. ಮಲೆನಾಡಿನ ಅಬ್ಬಿ ನೀರು ಮಳೆನೀರಿನಷ್ಟೇ ಮೆದು, ಉಪ್ಪಿನಂಶ ಬಹಳ ಕಡಿಮೆ. ಸ್ವಲ್ಪ ಏರಿದರೂ ಗೊತ್ತಾಗುತ್ತದೆ. ನೀರಿನಲ್ಲಿ ಕರಗಿದ ಉಪ್ಪಿನಂಶ ಅಳೆಯುವ ಒಂದು ಟಿಡಿಎಸ್ ಪೆನ್ ತರಿಸಿ. ಕೆಲವು ನೂರು ರೂಪಾಯಿಗೆ ಸಿಗುತ್ತದೆ. ವಾರಕ್ಕೊಮ್ಮೆ ಅದೇ ಜಾಗದ ನೀರು ಹಿಡಿದು ಅಳೆದು ಕ್ಯಾಲೆಂಡರ್ ಮೇಲೆ ಬರೆಯಿರಿ. ಇದು ಸೀಸವನ್ನು ತೋರಿಸುವುದಿಲ್ಲ, ನೆನಪಿರಲಿ. ಅಂಕಿ ಇದ್ದಕ್ಕಿದ್ದಂತೆ ದುಪ್ಪಟ್ಟಾದರೆ ಆ ದಿನವೇ ಕುಡಿಯಲು ಬೇರೆ ನೀರು ಹುಡುಕಿ, ನೀರನ್ನು ಲ್ಯಾಬಿಗೆ ಕಳಿಸಿ. ಕಾಯಿಸಿ ಕುಡಿದರೆ ಲೋಹ ಹೋಗುವುದಿಲ್ಲ, ನೀರು ಆವಿಯಾಗಿ ಉಳಿದ ನೀರಿನಲ್ಲಿ ಲೋಹದ ಪ್ರಮಾಣ ಇನ್ನೂ ಏರುತ್ತದೆ. ಆರ್‌ಒ ಫಿಲ್ಟರ್ ಬಹುಪಾಲು ತಡೆಯುತ್ತದೆ. ಬರೀ ಯುವಿ ಇರುವ ಫಿಲ್ಟರ್ ತಡೆಯುವುದಿಲ್ಲ.

ಲ್ಯಾಬಿಗೆ ಸೀಸ, ಕ್ಯಾಡ್ಮಿಯಂ, ಕ್ರೋಮಿಯಂ, ಸತು, ತಾಮ್ರ, ಕ್ಲೋರೈಡ್, ನೈಟ್ರೇಟ್, ಪಿಎಚ್ ಇಷ್ಟನ್ನೂ ಕೇಳಿ. ಬಾಟಲಿ ಲ್ಯಾಬಿನದ್ದೇ ಇರಲಿ. ಲೋಹಕ್ಕೆ ಕೊಡುವ ಬಾಟಲಿಯಲ್ಲಿ ಆಮ್ಲ ಹಾಕಿರುತ್ತಾರೆ, ತೊಳೆದು ಚೆಲ್ಲಬೇಡಿ. ತೋಟದ ಮಣ್ಣಿನದ್ದೂ ಒಂದು ಪರೀಕ್ಷೆ ಈಗಲೇ ಮಾಡಿಸಿಟ್ಟುಕೊಳ್ಳಿ. ವರ್ಷಾನುಗಟ್ಟಲೆ ಬೋರ್ಡೋ ಹೊಡೆದ ತೋಟದಲ್ಲಿ ತಾಮ್ರ ಮೊದಲೇ ಜಾಸ್ತಿ ಇರುತ್ತದೆ. ನಾಳೆ ಯಾರಾದರೂ "ಆ ಲೋಹ ನಿಮ್ಮ ಔಷಧಿಯದ್ದು" ಎಂದರೆ ತಾಮ್ರದ ಮಟ್ಟಿಗೆ ಅವರ ಮಾತು ಸರಿಯಿರಬಹುದು. ಸೀಸ, ಕ್ಯಾಡ್ಮಿಯಂ ಬೋರ್ಡೋದಿಂದ ಏರುವುದಿಲ್ಲ.

ಮೊದಲ ಬಾಟಲಿ ಈ ವಾರವೇ ತುಂಬಿಸಿ, ಮಳೆಗೆ ಮುಂಚೆ. ಎರಡನೆಯದು ಮಳೆ ಹಿಡಿದು ಅಬ್ಬಿ ಏರಿದ ಮೇಲೆ. ಎರಡೂ ರಿಪೋರ್ಟ್ ಬಂದ ಮೇಲೆ ನನಗೆ ಕಳಿಸಿ. ಅವರು ತೋರಿಸಿದ ಬೂದಿಯ ರಿಪೋರ್ಟಿನ ಫೋಟೋ ಇದ್ದರೆ ಅದನ್ನು ಈಗಲೇ ಕಳಿಸಿ, ಕೊನೆಯ ಪಿಎಚ್ ಬರೆದಿರುವ ಪುಟ ಸಹಿತ.